ಬೆಡ್ ಸಮ ಇದ್ದರೆ ಹಲಗೆ ಸಮ

ಮರದ ವ್ಯಾಪಾರ ನಮ್ಮ ಬ್ಯಾರಿಗಳಿಗೆ ಹೊಸ ಕಸುಬೇನಲ್ಲ. ತೋಟದಲ್ಲಿ ನಿಂತ ಮರವನ್ನು ಕಣ್ಣಲ್ಲೇ ಅಳೆದು ಇಷ್ಟು ಸಿ.ಎಫ್.ಟಿ. ಸಿಕ್ಕೀತು ಎಂದು ಹೇಳಬಲ್ಲ ಕಾಕಂದಿರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಮರ ಕಡಿದು, ದಿಮ್ಮಿಯನ್ನು ಲಾರಿಗೆ ಹೇರಿ ಮಿಲ್ಲಿಗೆ ಒಯ್ಯುವುದು ಹಳೆಯ ಕ್ರಮ. ಈಗ ಇನ್ನೊಂದು ದಾರಿಯೂ ಇದೆ. ದಿಮ್ಮಿ ಮಿಲ್ಲಿಗೆ ಹೋಗುವ ಬದಲು ಮಿಲ್ಲೇ ದಿಮ್ಮಿಯ ಹತ್ತಿರ ಬರುತ್ತದೆ. ಅಮೆರಿಕದ ಇಂಡಿಯಾನಾದ ವುಡ್-ಮೈಜರ್ ಕಂಪೆನಿ 1982ರಲ್ಲಿ ಇಂತಹ ಬ್ಯಾಂಡ್‌ಸಾ ಮಿಲ್ಲನ್ನು ಮಾರುಕಟ್ಟೆಗೆ ತಂದಿತು. ಈಗ ಹಲವು ಕಂಪೆನಿಗಳು ಇದನ್ನು ತಯಾರಿಸುತ್ತಿವೆ. ಗಲ್ಫಿನಿಂದ ಮರಳಿ ಊರಲ್ಲೇ ಏನಾದರೂ ಮಾಡೋಣ ಎಂದು ಯೋಚಿಸುವ ನಮ್ಮ ಹುಡುಗರ ಕಣ್ಣು ಇದರ ಮೇಲೆ ಬಿದ್ದರೆ ಆಶ್ಚರ್ಯವಿಲ್ಲ.

ಯಂತ್ರ ಕೊಳ್ಳುವಾಗ ಎಲ್ಲರೂ ಇಂಜಿನ್ ಎಷ್ಟು ಎಚ್.ಪಿ., ಬ್ಲೇಡು ಎಲ್ಲಿಯದು ಎಂದು ವಿಚಾರಿಸುತ್ತಾರೆ. ಬೆಡ್ಡಿನ ಬಗ್ಗೆ ಕೇಳುವವರು ಕಡಿಮೆ. ಆದರೆ ಹಲಗೆ ನೆಟ್ಟಗೆ ಬರುವುದೂ ಕೆಡುವುದೂ ಬೆಡ್ಡಿನಿಂದಲೇ. ಮಗಳ ಮನೆಯ ದಾರಂದಕ್ಕೆ ಎಂದು ನಲ್ವತ್ತು ವರ್ಷ ಉಳಿಸಿಕೊಂಡ ಹಲಸಿನ ಮರವನ್ನು ಒಮ್ಮೆ ಸೀಳಿದರೆ ಮುಗಿಯಿತು. ಅದನ್ನು ಪುನಃ ಜೋಡಿಸುವ ವಿದ್ಯೆ ಯಾರ ಹತ್ತಿರವೂ ಇಲ್ಲ. ಅದಕ್ಕೇ ಈ ವಾರ ಮಿಲ್ಲಿನ ಬೆಡ್ ಕೂರಿಸುವುದು ಹೇಗೆ ಎಂದು ನೋಡೋಣ.

ಬೆಡ್ ಎಂದರೆ ಏನು?

ಬೆಡ್ ಎಂದರೆ ದಿಮ್ಮಿ ಮಲಗುವ ಉಕ್ಕಿನ ಹಾಸು. ಉದ್ದಕ್ಕೆ ಎರಡು ಹಳಿಗಳು, ಅವುಗಳ ನಡುವೆ ಅಡ್ಡಪಟ್ಟಿಗಳು, ಅಡಿಯಲ್ಲಿ ಎತ್ತರ ಹೊಂದಿಸುವ ಬೋಲ್ಟಿನ ಕಾಲುಗಳು. ದಿಮ್ಮಿ ಅಡ್ಡಪಟ್ಟಿಯ ಮೇಲೆ ಅಲುಗಾಡದೆ ಕೂತಿರುತ್ತದೆ. ಇಂಜಿನ್, ಬ್ಲೇಡು ಇರುವ ತಲೆ ಹಳಿಯ ಮೇಲೆ ಓಡುತ್ತದೆ. ಹಳಿ ಹೇಗೆ ಹೋಗುತ್ತದೋ ಬ್ಲೇಡೂ ಹಾಗೇ ಹೋಗುತ್ತದೆ. ಹಳಿಯ ನಡುವೆ ಒಂದು ಉಬ್ಬು ಇದ್ದರೆ ಹಲಗೆಯಲ್ಲೂ ಅದೇ ಉಬ್ಬು.

ತಮಾಷೆ ಏನೆಂದರೆ ಈ ತಪ್ಪು ಕೂಡಲೇ ಕಾಣುವುದಿಲ್ಲ. ಒಂದರ ಕೆಳಗೆ ಒಂದರಂತೆ ಕೊಯ್ದ ಹಲಗೆಗಳೆಲ್ಲ ಅದೇ ಬಳುಕಿನಲ್ಲಿ ಬರುವುದರಿಂದ ದಪ್ಪ ಅಳೆದರೆ ಸರಿಯಾಗಿಯೇ ಇರುತ್ತದೆ. ಬಣ್ಣ ಬಯಲಾಗುವುದು ದಿಮ್ಮಿಯನ್ನು ಮಗುಚಿ ಹಾಕಿದಾಗ. ಬೆಡ್ಡಿನ ನಡುವೆ 3 ಮಿ.ಮೀ. ಉಬ್ಬು ಇದೆ ಎಂದುಕೊಳ್ಳಿ. ಕೊಯ್ದ ಮುಖದ ನಡುವೆಯೂ 3 ಮಿ.ಮೀ. ಉಬ್ಬು ಇರುತ್ತದೆ. ಆ ಮುಖವನ್ನು ಅಡಿಗೆ ಹಾಕಿದರೆ ಉಬ್ಬಿನ ಮೇಲೆ ಉಬ್ಬು ಕೂತು ಎರಡೂ ತುದಿಗಳಲ್ಲಿ 6 ಮಿ.ಮೀ. ಸಂದು ಬೀಳುತ್ತದೆ. ಹಾಗೇ ಕೊಯ್ದರೆ ಕೊನೆಗೆ ಉಳಿಯುವ ಹಲಗೆ ನಡುವೆ ದಪ್ಪ, ತುದಿಯಲ್ಲಿ 6 ಮಿ.ಮೀ. ತೆಳು. ಒಂದರ ತಪ್ಪು ಎರಡಾಯಿತು. ಬ್ಯಾಂಡ್‌ಸಾ ಬ್ಲೇಡು ಒಂದು ಕೊಯ್ತಕ್ಕೆ ಹುಡಿ ಮಾಡುವುದು ಸುಮಾರು 2 ಮಿ.ಮೀ. ಮರ ಮಾತ್ರ. ದೊಡ್ಡ ಚಕ್ರದ ಗರಗಸ ಅದರ ಎರಡು ಪಟ್ಟಿಗೂ ಹೆಚ್ಚು ತಿನ್ನುತ್ತದೆ. ಹೀಗೆ ಬ್ಲೇಡು ಉಳಿಸಿಕೊಟ್ಟ ಮರವನ್ನೆಲ್ಲ ಬಡಗಿ ಕೀಸುಳಿಯಲ್ಲಿ ಕೆರೆದು ತೆಗೆಯಬೇಕಾಗಿ ಬಂದರೆ ಲಾಭ ಎಲ್ಲಿಂದ?

ಮೊದಲು ನೆಲ

ಬೆಡ್ಡಿನ ಕೆಲಸ ನೆಲದಿಂದ ಶುರು. ಹೊಸತಾಗಿ ಮಣ್ಣು ತುಂಬಿಸಿದ ಜಾಗ ಬೇಡ. ಎಷ್ಟು ಹೊಡೆದು ಗಟ್ಟಿ ಮಾಡಿದರೂ ಅದು ಒಂದು ಮಳೆಗೆ ಕೂತುಬಿಡುತ್ತದೆ. ಮುರಕಲ್ಲಿನ ಗಟ್ಟಿ ನೆಲ ಇದ್ದರೆ ಒಳ್ಳೆಯದು. ಮಳೆ ನೀರು ಬೆಡ್ಡಿನ ಅಡಿಗೆ ಬಾರದಂತೆ ಸುತ್ತ ಕಣಿ ತೆಗೆಯಬೇಕು. ಒಂದೇ ಕಡೆ ತಿಂಗಳುಗಟ್ಟಲೆ ಕೆಲಸ ಇದ್ದರೆ ಕಾಲುಗಳ ಅಡಿಗೆ ಕಾಂಕ್ರೀಟು ಹಾಕಿಸುವುದು ವಾಸಿ. ಎರಡು ದಿನದ ಕೆಲಸವಾದರೆ ಅಗಲದ ದಪ್ಪ ಮರದ ತುಂಡು ಸಾಕು. ಬರೀ ಕೆಂಪು ಕಲ್ಲಿನ ಮೇಲೆ ಬೋಲ್ಟಿನ ತುದಿ ಊರಿದರೆ ಕಲ್ಲು ಪುಡಿಯಾಗುತ್ತದೆ. ನಡುವೆ ಉಕ್ಕಿನ ತಗಡು ಅಥವಾ ಗಟ್ಟಿ ಹಲಗೆ ಇಡಬೇಕು.

ಭಾರದ ಲೆಕ್ಕವನ್ನೂ ಮರೆಯಬಾರದು. ಎರಡಡಿ ಅಡ್ಡಳತೆಯ, ಹತ್ತಡಿ ಉದ್ದದ ಹಸಿ ಹಲಸಿನ ದಿಮ್ಮಿ ಸುಮಾರು ಮುಕ್ಕಾಲು ಟನ್ ತೂಗುತ್ತದೆ. ಅದನ್ನು ಉರುಳಿಸಿ ಹಾಕುವಾಗ ಆ ಭಾರವೆಲ್ಲ ಒಂದೇ ಬದಿಯ ಕಾಲುಗಳ ಮೇಲೆ ಬೀಳುತ್ತದೆ. ಚಕ್ರ ಇರುವ ಮಿಲ್ಲಾದರೆ ಭಾರ ಪೂರ್ತಿ ಕಾಲುಗಳ ಮೇಲೆ ಬರಬೇಕು. ಟಯರಿನ ಮೇಲೆ ಉಳಿದರೆ ಪ್ರತಿ ದಿಮ್ಮಿಗೂ ಬೆಡ್ ಕುಣಿಯುತ್ತದೆ.

ಸಮ ಮಾಡುವ ಕ್ರಮ

ಬೆಡ್ ತುಂಡು ತುಂಡಾಗಿ ಬಂದಿದ್ದರೆ ಬೋಲ್ಟುಗಳನ್ನು ಮೊದಲಿಗೇ ಬಿಗಿ ಮಾಡಬೇಡಿ. ಕೈಯಲ್ಲಿ ತಿರುಗಿಸುವಷ್ಟು ಮಾತ್ರ ಹಾಕಿ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಎರಡೂ ಒಂದೇ ಬಂದರೆ ಬೆಡ್ ಚೌಕವಾಗಿದೆ. ಆಮೇಲೆ ಬಿಗಿ ಮಾಡಿ.

ನಂತರ ಲೆವೆಲ್ ಪೈಪ್. ಮನೆ ಕಟ್ಟುವ ಮೇಸ್ತ್ರಿಯ ಹತ್ತಿರ ಇರುವ ಅದೇ ನೀರಿನ ಪೈಪು. ನೆಲ ಎಲ್ಲಿ ಎತ್ತರ ಇದೆಯೋ ಆ ಮೂಲೆಯಿಂದ ಹೊರಟು ಉಳಿದ ಮೂರು ಮೂಲೆಗಳನ್ನು ಅದರ ಮಟ್ಟಕ್ಕೆ ಎತ್ತಬೇಕು. ಪೈಪಿನೊಳಗೆ ಗಾಳಿಗುಳ್ಳೆ ಇದ್ದರೆ ಲೆಕ್ಕವೆಲ್ಲ ಸುಳ್ಳು. ಮೊದಲು ಎರಡೂ ತುದಿಗಳನ್ನು ಒಟ್ಟಿಗೆ ಹಿಡಿದು ನೀರು ಸಮ ನಿಲ್ಲುತ್ತದೆಯೇ ನೋಡಿಕೊಳ್ಳಿ. ನಾಲ್ಕು ಮೂಲೆ ಸರಿಯಾದ ಮೇಲಷ್ಟೇ ನಡುವಿನ ಕಾಲುಗಳು. ಅವು ನೆಲ ಮುಟ್ಟಿ ಭಾರ ಹಿಡಿದರೆ ಸಾಕು. ಗಟ್ಟಿ ಇರಲಿ ಎಂದು ಇನ್ನೆರಡು ಸುತ್ತು ತಿರುಗಿಸಿದರೆ ಅಲ್ಲೇ ಉಬ್ಬು ಹುಟ್ಟುತ್ತದೆ.

ಮೂರನೆಯದು ನೂಲು. ಒಂದೇ ದಪ್ಪದ ಮೂರು ಮರದ ತುಂಡು ಬೇಕು. ಎರಡನ್ನು ಹಳಿಯ ಎರಡು ತುದಿಯಲ್ಲಿಟ್ಟು ಮೇಲೆ ನೈಲಾನ್ ನೂಲನ್ನು ಬಲವಾಗಿ ಎಳೆದು ಕಟ್ಟಿ. ಮೂರನೇ ತುಂಡನ್ನು ನೂಲಿನ ಅಡಿಯಲ್ಲಿ ಉದ್ದಕ್ಕೂ ಜಾರಿಸುತ್ತಾ ಹೋಗಿ. ಎಲ್ಲಿ ಸಂದು ಕಂಡಿತೋ ಅಲ್ಲಿ ಹಳಿ ತಗ್ಗು, ಎಲ್ಲಿ ನೂಲನ್ನು ಎತ್ತಿತೋ ಅಲ್ಲಿ ಉಬ್ಬು. ಎರಡು ಹಳಿಗಳಿಗೂ ಹೀಗೆ ಮಾಡಬೇಕು. ಆಮೇಲೆ ಇಂಜಿನ್ ತಲೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಳ್ಳಿ ಮತ್ತೊಮ್ಮೆ ನೋಡಿ. ತಲೆಯ ಭಾರಕ್ಕೆ ಯಾವ ಕಾಲು ಕುಸಿಯುತ್ತದೆ ಎಂದು ಆಗ ಗೊತ್ತಾಗುತ್ತದೆ.

ನಾಲ್ಕನೆಯದು ತಿರುಚು. ಚಾರ್ಪಾಯಿಯ ಒಂದು ಕಾಲು ಗಿಡ್ಡ ಇದ್ದಂತೆ ಬೆಡ್ಡಿನ ಒಂದು ಮೂಲೆ ಕೆಳಗೆ ಇದ್ದರೆ ಹಲಗೆ ತಿರುಚಿಕೊಂಡು ಬರುತ್ತದೆ. ಎರಡು ಎದುರು ಮೂಲೆಗಳಿಂದ ಅಡ್ಡಡ್ಡ ನೂಲು ಎಳೆಯಿರಿ. ನಡುವೆ ಅವು ಒಂದನ್ನೊಂದು ಹಗುರವಾಗಿ ಮುಟ್ಟಬೇಕು. ಮೇಲಿನ ನೂಲನ್ನು ಕೆಳಗೆ ಹಾಕಿ ನೋಡಿದರೂ ಹಾಗೇ ಇರಬೇಕು. ಒಂದು ಸಲ ಸಂದು, ಇನ್ನೊಂದು ಸಲ ಬಿಗಿ ಎಂದಾದರೆ ಬೆಡ್ ತಿರುಚಿದೆ ಎಂದೇ ಅರ್ಥ.

ಒಂದು ಮಾತು ಇಲ್ಲಿ ತಿಳಿದಿರಲಿ. ರಸಮಟ್ಟದ ಗುಳ್ಳೆ ಕೂದಲೆಳೆಯಷ್ಟು ಆಚೀಚೆ ಇದ್ದರೆ ಹಲಗೆ ಕೆಡುವುದಿಲ್ಲ. ಇಡೀ ಬೆಡ್ ಒಂದೇ ಕಡೆಗೆ ತುಸು ವಾಲಿದ್ದರೂ ಹಳಿ ನೆಟ್ಟಗಿದ್ದು ತಿರುಚು ಇಲ್ಲದಿದ್ದರೆ ಕೊಯ್ತ ಸರಿಯೇ ಬರುತ್ತದೆ. ಮಟ್ಟ ಬೇಕಾಗುವುದು ಇಂಜಿನ್ ತಲೆ ತಾನಾಗಿ ಜಾರದಿರಲು ಮತ್ತು ನಮ್ಮ ಪರೀಕ್ಷೆ ಸುಲಭವಾಗಲು.

ಬ್ಲೇಡಿಗೂ ಬೆಡ್ಡಿಗೂ ಲೆಕ್ಕ

ಇಂಜಿನ್ ಆಫ್ ಮಾಡಿ, ಕೀಲಿ ತೆಗೆದು ಕಿಸೆಗೆ ಹಾಕಿ, ಕೈಗವಸು ತೊಟ್ಟ ಮೇಲೆಯೇ ಈ ಕೆಲಸ. ಬ್ಲೇಡನ್ನು ಕೊಯ್ಯುವಾಗ ಇರುವಷ್ಟೇ ಬಿಗಿ ಮಾಡಿ ಒಂದು ಎತ್ತರದಲ್ಲಿ ನಿಲ್ಲಿಸಿ. ಪ್ರತಿ ಅಡ್ಡಪಟ್ಟಿಯ ಎಡಕ್ಕೂ ಬಲಕ್ಕೂ ಬ್ಲೇಡಿನಿಂದ ಪಟ್ಟಿಗೆ ಎಷ್ಟು ಎಂದು ಅಳೆದು ಬರೆದುಕೊಳ್ಳಿ. 1 ಮಿ.ಮೀ. ಒಳಗಿನ ವ್ಯತ್ಯಾಸವಾದರೆ ಚಿಂತೆಯಿಲ್ಲ. ಎಲ್ಲಾ ಪಟ್ಟಿಗಳಲ್ಲೂ ಎಡಗಡೆ ಒಂದೇ ಪ್ರಮಾಣದಲ್ಲಿ ಹೆಚ್ಚು ಬಂದರೆ ದೋಷ ಬೆಡ್ಡಿನದ್ದಲ್ಲ, ತಲೆ ಅಥವಾ ಬ್ಲೇಡು ಓರೆಯಾಗಿದೆ. ಒಂದೇ ಪಟ್ಟಿಯಲ್ಲಿ ಬೇರೆ ಬಂದರೆ ಆ ಪಟ್ಟಿಯದ್ದೇ ದೋಷ.

ಹಲವರು ಮೋಸ ಹೋಗುವುದು ಇಲ್ಲೇ. ಈ ಅಳತೆ ಸರಿ ಬಂತು ಎಂದು ನೂಲಿನ ಪರೀಕ್ಷೆ ಬಿಟ್ಟುಬಿಡುತ್ತಾರೆ. ಹಳಿ ಬಗ್ಗಿದ್ದರೆ ಅದರೊಟ್ಟಿಗೆ ಪಟ್ಟಿಯೂ ಬಗ್ಗಿರುತ್ತದೆ, ತಲೆಯೂ ಆ ಬಗ್ಗಿದ ಹಳಿಯ ಮೇಲೆಯೇ ಓಡುತ್ತದೆ. ಹಾಗಾಗಿ ಬ್ಲೇಡಿಗೂ ಪಟ್ಟಿಗೂ ಇರುವ ಅಂತರ ಎಲ್ಲೆಡೆ ಒಂದೇ ಕಾಣುತ್ತದೆ. ಬಗ್ಗಿದ್ದನ್ನು ಹಿಡಿದು ಕೊಡುವುದು ನೂಲು ಮಾತ್ರ.

ಕೊನೆಗೆ ಕಡಿಮೆ ಬೆಲೆಯ ಒಂದು ದಿಮ್ಮಿಯನ್ನು ಕೊಯ್ದು ನೋಡಿ. ಮ್ಯಾಂಜಿಯಂ ಆದೀತು, ರಬ್ಬರ್ ಆದೀತು. ನಾಲ್ಕು ಮುಖ ಕೊಯ್ದ ತುಂಡಿನ ಎರಡು ತುದಿ, ನಡು, ಎರಡೂ ಅಂಚು ಹೀಗೆ ಆರು ಕಡೆ ದಪ್ಪ ಅಳೆಯಿರಿ. ಸರಿಯಿದ್ದರೆ ಆಮೇಲೆ ಹಲಸು, ಸಾಗುವಾನಿಗೆ ಕೈ ಹಾಕಿ. ಪ್ರತಿದಿನ ಬೆಳಿಗ್ಗೆ, ಮಳೆ ಬಂದು ನಿಂತ ಮೇಲೆ, ಭಾರದ ದಿಮ್ಮಿ ಬಿದ್ದ ಮೇಲೆ ನೂಲು ಮತ್ತೆ ಹಿಡಿಯಬೇಕು. ಪಟ್ಟಿಯ ಮೇಲೆ ಉಳಿದ ಮರದ ಹುಡಿ, ತೊಗಟೆಯ ಚೂರು ಕೂಡ ದಿಮ್ಮಿಯನ್ನು ಎತ್ತಿ ಹಿಡಿಯುತ್ತದೆ. ಗುಡಿಸುವುದು ಸಣ್ಣ ಕೆಲಸವಲ್ಲ.

ಪರವಾನಗಿ ಮರೆಯಬೇಡಿ

ಹಣ ಹೂಡುವ ಮೊದಲು ಇನ್ನೊಂದು ವಿಷಯ. ಗೋದವರ್ಮನ್ ತಿರುಮುಲ್ಪಾಡ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಆದೇಶ ನೀಡಿದ ಬಳಿಕ ಮರದ ಮಿಲ್ಲುಗಳ ಮೇಲಿನ ನಿಯಂತ್ರಣ ಬಿಗಿಯಾಗಿದೆ. ಮರ ಆಧಾರಿತ ಕೈಗಾರಿಕೆಗಳಿಗೆ ಕೇಂದ್ರ ಸರಕಾರ 2016ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಚಕ್ರ ಇದೆ, ಎಳೆದೊಯ್ಯಬಹುದು ಎಂಬ ಕಾರಣಕ್ಕೆ ಪರವಾನಗಿ ಬೇಡ ಎಂದು ಯಾರೂ ತಿಳಿಯಬಾರದು. ಯಂತ್ರ ಮಾರುವವರ ಮಾತು ಕೇಳಿ ಸಾಲ ಮಾಡುವ ಮೊದಲು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ಉತ್ತರ ಬರಹದಲ್ಲಿ ಇರಲಿ. ಮರ ಕಡಿಯುವುದಕ್ಕೂ ಅನುಮತಿ ಬೇಕೇ ಎಂದು ಅಲ್ಲೇ ಕೇಳಿಕೊಳ್ಳಿ.

ಮನೆಯವರು ನೋಡಬೇಕಾದ್ದು

ಮಿಲ್ಲು ಇಡದವರಿಗೂ ಈ ಮಾಹಿತಿ ಬೇಕು. ನಿಮ್ಮ ಅಂಗಳಕ್ಕೆ ಮಿಲ್ಲು ಬಂದರೆ, ಮೊದಲ ದಿಮ್ಮಿ ಏರಿಸುವ ಮುಂಚೆ ಹತ್ತಿರ ಹೋಗಿ "ಕಾಕಾ, ಒಮ್ಮೆ ನೂಲು ಹಿಡಿದು ತೋರಿಸುತ್ತೀರಾ?" ಎಂದು ಕೇಳಿ. ಕೆಲಸ ಬಲ್ಲವರು ಇದಕ್ಕೆ ಬೇಸರ ಮಾಡುವುದಿಲ್ಲ. ಬೆಡ್ ಸರಿಯಾಗಿ ಕೂರಿಸಲು ಅರ್ಧ ದಿನ ಹೋಗಬಹುದು. ಅದಕ್ಕೆ ಅವಸರ ಮಾಡಬೇಡಿ, ಆ ಅರ್ಧ ದಿನದ ಸಂಬಳಕ್ಕೆ ಚೌಕಾಸಿಯೂ ಬೇಡ. ಮಕ್ಕಳನ್ನು ದೂರ ಇಡಿ. ಬ್ಲೇಡು ಓಡುವ ನೇರದಲ್ಲಿ ಯಾರೂ ನಿಲ್ಲಬಾರದು, ಏಕೆಂದರೆ ತುಂಡಾದ ಬ್ಲೇಡು ಎತ್ತ ಹಾರುತ್ತದೆ ಎಂದು ಹೇಳಲಾಗದು.

ಈ ಕಸುಬಿಗೆ ಇಳಿಯುವ ಹುಡುಗರು ಒಂದು ಲೆವೆಲ್ ಪೈಪ್, ಒಂದು ಉಂಡೆ ನೈಲಾನ್ ನೂಲು, ಒಂದೇ ದಪ್ಪದ ಮೂರು ಮರದ ತುಂಡು ಯಾವಾಗಲೂ ಗಾಡಿಯಲ್ಲಿ ಇಟ್ಟುಕೊಳ್ಳಲಿ. ಯಂತ್ರದ ಬೆಲೆಯ ಮುಂದೆ ಇವುಗಳ ಬೆಲೆ ಏನೂ ಅಲ್ಲ. ಹಲಗೆ ನೆಟ್ಟಗೆ ಬಂದರೆ ಆ ಮನೆಯವರೇ ಪಕ್ಕದ ಮನೆಗೆ ನಿಮ್ಮ ಹೆಸರು ಹೇಳುತ್ತಾರೆ. ಊರಲ್ಲಿ ವ್ಯಾಪಾರ ನಡೆಯುವುದು ಹಾಗೆಯೇ.