ವಿಳಾಸ ಅದೇ, ಮನೆಯವರು ಬೇರೆ

2008ರ ಸೆಪ್ಟೆಂಬರ್. ಲಿನಕ್ಸ್ ಕರ್ನಲ್‌ನ 2.6.27ನೇ ಆವೃತ್ತಿ ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. ಬಿಡುಗಡೆಗೆ ಮೊದಲೇ ಅದನ್ನು ಹಾಕಿಕೊಂಡು ನೋಡುತ್ತಿದ್ದ ಕೆಲವರ ಕಂಪ್ಯೂಟರುಗಳಲ್ಲಿ ನೆಟ್‌ವರ್ಕ್ ಇದ್ದಕ್ಕಿದ್ದಂತೆ ಸತ್ತುಹೋಯಿತು. ರೀಬೂಟ್ ಮಾಡಿದರೂ ಬರಲಿಲ್ಲ, ಹಳೆಯ ಕರ್ನಲ್‌ಗೆ ಮರಳಿದರೂ ಬರಲಿಲ್ಲ. ಸಾಫ್ಟ್‌ವೇರಿನ ತಪ್ಪು ಸಾಮಾನ್ಯವಾಗಿ ಯಂತ್ರ ಆರಿಸಿದಾಗ ಅಳಿಸಿಹೋಗುತ್ತದೆ. ಇಲ್ಲಿ ಕೆಟ್ಟಿದ್ದು ಇಂಟೆಲ್ ನೆಟ್‌ವರ್ಕ್ ಚಿಪ್‌ನ ಶಾಶ್ವತ ಮೆಮೊರಿ.

ಆ ಮೆಮೊರಿಯಲ್ಲಿ ಇರುವುದು ಬಹಳವೇನಲ್ಲ. ಚಿಪ್‌ನ ಮ್ಯಾಕ್ ವಿಳಾಸ, ಒಂದಿಷ್ಟು ಸೆಟ್ಟಿಂಗುಗಳು, ಜೊತೆಗೆ ಎಲ್ಲವೂ ಸರಿಯಿದೆಯೇ ಎಂದು ತಾಳೆ ನೋಡಲು ಒಂದು ಚೆಕ್‌ಸಮ್. ತಲಾ 16 ಬಿಟ್‌ನ ಮೊದಲ 64 ಸಂಖ್ಯೆಗಳನ್ನು ಕೂಡಿ, ಮೊತ್ತದಲ್ಲಿ ಕೊನೆಯ 16 ಬಿಟ್ ಮಾತ್ರ ಉಳಿಸಿಕೊಂಡರೆ 47,802 ಬರಬೇಕು. ಇ1000ಇ ಎಂಬ ಡ್ರೈವರ್ ಏಳುತ್ತಿದ್ದಂತೆ ಈ ಲೆಕ್ಕ ಮಾಡುತ್ತದೆ. ತಾಳೆಯಾಗದಿದ್ದರೆ ಚೆಕ್‌ಸಮ್ ಸರಿಯಿಲ್ಲ ಎಂದು ಒಂದು ಸಾಲು ಬರೆದು ಚಿಪ್ಪನ್ನು ಕೈಬಿಡುತ್ತದೆ. ಐಸಿಎಚ್8, ಐಸಿಎಚ್9 ಚಿಪ್‌ಸೆಟ್‌ಗಳ ಯಂತ್ರಗಳಲ್ಲಿ ಈ ಮಾಹಿತಿ ಇರುವುದು ಮದರ್‌ಬೋರ್ಡ್ ಮೇಲೆ, ಬಯೋಸ್ ಇರುವ ಅದೇ ಫ್ಲ್ಯಾಶ್‌ನ ಒಂದು ಭಾಗದಲ್ಲಿ. ಕಿತ್ತು ಬೇರೆ ಕಾರ್ಡ್ ಹಾಕುವ ಮಾತೇ ಇಲ್ಲ.

ಉಬುಂಟು, ಓಪನ್‌ಸೂಸೆ, ಫೆಡೋರಾ, ಮ್ಯಾಂಡ್ರಿವಾ ಎಂಬ ಲಿನಕ್ಸ್ ವಿತರಣೆಗಳ ಪರೀಕ್ಷಾ ಆವೃತ್ತಿಗಳಿಗೆಲ್ಲ ಭೀತಿ ಹಬ್ಬಿತು. ಈ ಡ್ರೈವರನ್ನೇ ತೆಗೆದುಹಾಕಿ ಆವೃತ್ತಿ ಕೊಡುವ ಪರಿಸ್ಥಿತಿ ಬಂತು. ಚಿಪ್‌ನ ಮಾಹಿತಿಯನ್ನು ಈಥ್‌ಟೂಲ್ ಎಂಬ ಸಲಕರಣೆಯಿಂದ ಓದಿ, ಒಂದು ಪ್ರತಿ ಎತ್ತಿಟ್ಟುಕೊಳ್ಳಿ ಎಂಬ ಸಲಹೆ ಹರಡಿತು. ಎತ್ತಿಟ್ಟುಕೊಂಡವರಿಗೆ ಅದನ್ನೇ ಮತ್ತೆ ಬರೆದು ಚಿಪ್ಪನ್ನು ಬದುಕಿಸಿಕೊಳ್ಳುವ ದಾರಿಯಾದರೂ ಇತ್ತು.

ಮೊದಲ ಅನುಮಾನ ಹೋದದ್ದು ಗ್ರಾಫಿಕ್ಸ್ ಕಡೆಗೆ. ಅದಕ್ಕೆ ಕಾರಣವೂ ಇತ್ತು. ಎಕ್ಸ್ ಸರ್ವರ್ ಎಂಬ ತಂತ್ರಾಂಶ ಹಿಂದಿನಿಂದಲೂ ಕರ್ನಲ್ಲನ್ನು ದಾಟಿ ನೇರವಾಗಿ ಹಾರ್ಡ್‌ವೇರ್ ಮುಟ್ಟುತ್ತ ಬಂದದ್ದು. ಇಂಟೆಲ್ ಗ್ರಾಫಿಕ್ಸ್‌ನ ಮೆಮೊರಿ ನಿರ್ವಹಣೆಯೂ ಆಗಷ್ಟೇ ಬದಲಾಗುತ್ತಿತ್ತು. ಅನಂತರ ಎಲ್ಲರ ಕಣ್ಣು ಇ1000ಇ ಡ್ರೈವರ್ ಮೇಲೆ ನೆಟ್ಟಿತು. ಸಾಲು ಸಾಲಾಗಿ ಓದಿದರು. ಫ್ಲ್ಯಾಶ್ ಮುಟ್ಟುವಾಗ ಹಾಕಬೇಕಾದ ಲಾಕ್‌ಗಳಲ್ಲಿ ನಿಜವಾದ ದೋಷಗಳೇ ಸಿಕ್ಕವು, ಅವನ್ನು ತಿದ್ದಿದರು. ಆದರೆ ಚಿಪ್ ಕೊಲ್ಲುತ್ತಿದ್ದದ್ದು ಅವಲ್ಲ. ಡ್ರೈವರ್ ನಿರಪರಾಧಿಯಾಗಿತ್ತು. ಕೋಡ್ ರಿವ್ಯೂ ಎಂಬ ಕಸುಬಿನ ಬಗ್ಗೆ ಕಾಳಜಿ ಇರುವವರೆಲ್ಲ ಈ ಪ್ರಕರಣವನ್ನು ಓದಬೇಕು ಎನ್ನಿಸುವುದು ಇಲ್ಲಿಯೇ: ಇಷ್ಟು ಕಣ್ಣುಗಳು, ಇಷ್ಟು ಶ್ರದ್ಧೆಯಿಂದ, ಸರಿಯಾದ ಕಡತವನ್ನೇ ಓದಿದರೂ ಉತ್ತರ ಆ ಕಡತದಲ್ಲಿ ಇರಲೇ ಇಲ್ಲ.

ಉತ್ತರ ಎಲ್ಲಿತ್ತೆಂದು ತಿಳಿಯಲು ಕೊಂಚ ಹಿಂದಕ್ಕೆ ಹೋಗಬೇಕು. ಸಾಧನಗಳನ್ನು ಮೆಮೊರಿಯ ವಿಳಾಸಗಳ ಮೂಲಕವೇ ಮಾತನಾಡಿಸುವ ಪದ್ಧತಿ ಹಳೆಯದು. 1970ರಲ್ಲಿ ಬಂದ ಪಿಡಿಪಿ-11 ಯಂತ್ರದಲ್ಲಿ ಸಾಧನಗಳಿಗೆಂದು ಬೇರೆ ಆಜ್ಞೆಗಳೇ ಇರಲಿಲ್ಲ. ವಿಳಾಸಗಳ ಸಾಲಿನ ತುತ್ತತುದಿಯ 8 ಕಿಲೋಬೈಟ್ ಅವಕ್ಕೆ ಮೀಸಲು. ಆಕ್ಟಲ್ ಲೆಕ್ಕದ 177566ನೇ ವಿಳಾಸಕ್ಕೆ ಒಂದು ಸಂಖ್ಯೆ ಬರೆದರೆ ಕನ್ಸೋಲ್‌ನಲ್ಲಿ ಒಂದು ಅಕ್ಷರ ಮೂಡುತ್ತಿತ್ತು. ಮಾಮೂಲಿ ಮೆಮೊರಿಯಲ್ಲಿ ಬರೆದದ್ದು ಸುಮ್ಮನೆ ಕೂತಿರುತ್ತದೆ. ಸಾಧನದ ವಿಳಾಸದಲ್ಲಿ ಬರೆದದ್ದು ಒಂದು ಆಜ್ಞೆ. ಕೆಲವು ಕಡೆ ಬರೀ ಓದಿದರೂ ಸಾಧನದ ಸ್ಥಿತಿ ಬದಲಾಗುತ್ತದೆ.

ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ 1977ರಲ್ಲಿ ಯುನಿಕ್ಸ್‌ನ ಆರನೇ ಆವೃತ್ತಿಗೆ ಸಾಲುಸಾಲಾಗಿ ವ್ಯಾಖ್ಯಾನ ಬರೆದರು. ಒಂಬತ್ತು ಸಾವಿರ ಸಾಲುಗಳ ಆಸುಪಾಸಿನ ಇಡೀ ಕರ್ನಲ್ಲನ್ನು ಒಬ್ಬ ಮೇಷ್ಟ್ರು ತರಗತಿಯಲ್ಲಿ ಓದಿಸಬಹುದಾಗಿದ್ದ ಕಾಲ ಅದು. ಲೈಸೆನ್ಸ್ ತಕರಾರಿನಿಂದ ವರ್ಷಗಟ್ಟಲೆ ಜೆರಾಕ್ಸ್ ಪ್ರತಿಗಳಲ್ಲೇ ಓಡಾಡಿದ ಆ ವ್ಯಾಖ್ಯಾನ ಅಚ್ಚಾದದ್ದು 1996ರಲ್ಲಿ. ಅದರಲ್ಲಿನ ಕರ್ನಲ್‌ಗೆ ಸಾಧನದ ವಿಳಾಸಗಳ ಬಗ್ಗೆ ಚಿಂತೆಯೇ ಇರಲಿಲ್ಲ. ಆ 8 ಕಿಲೋಬೈಟ್ ಯಂತ್ರ ಹೊತ್ತಿಸಿದ ಗಳಿಗೆಯಿಂದ ಆರಿಸುವ ತನಕ ಸಾಧನಗಳದ್ದೇ. ಒಂದು ವಿಳಾಸ ಯಾರದ್ದು ಎಂಬ ಪ್ರಶ್ನೆಗೆ ಉತ್ತರ ಎಂದೂ ಬದಲಾಗುತ್ತಿರಲಿಲ್ಲ. ಆ ನಿಶ್ಚಿಂತೆ ಮುಂದೆ ಕರ್ನಲ್ ಓದುವವರಿಗೆ ಸಿಗಲಿಲ್ಲ.

ಲಿನಕ್ಸ್‌ನಲ್ಲಿ ಡ್ರೈವರ್ ಕೇಳಿದಾಗ ಐಒ-ರೀಮ್ಯಾಪ್ ಎಂಬ ಫಂಕ್ಷನ್ ಸಾಧನದ ಭೌತಿಕ ವಿಳಾಸಕ್ಕೆ ಕರ್ನಲ್‌ನ ಒಂದು ವಿಳಾಸ ಹೊಂದಿಸಿ ಕೊಡುತ್ತದೆ. ಕೆಲಸ ಮುಗಿದರೆ ಕರ್ನಲ್ ಅದನ್ನು ವಾಪಸ್ ಪಡೆದು ಬೇರೆಯವರಿಗೆ ಕೊಡುತ್ತದೆ. ಇಂಥ ವಿಳಾಸವನ್ನು ಮಾಮೂಲಿ ಮೆಮೊರಿಯ ವಿಳಾಸವೆಂದು ಬಗೆದು ಬಳಸುವ ತಪ್ಪು ಡ್ರೈವರುಗಳಲ್ಲಿ ಎಷ್ಟು ಸಾಮಾನ್ಯವಾಗಿತ್ತೆಂದರೆ, 2004ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವಕ್ಕೆ 'ಐಒಮೆಮ್' ಎಂಬ ಗುರುತು ಹಚ್ಚಿ, ತಪ್ಪಿದರೆ ಸ್ಪಾರ್ಸ್ ಎಂಬ ತಪಾಸಣಾ ಸಾಧನ ಎಚ್ಚರಿಸುವ ಹಾಗೆ ಮಾಡಿದರು. ರಿವ್ಯೂ ಮಾಡುವವರ ಕಣ್ಣಿನ ಕೆಲಸ ಅಷ್ಟರಮಟ್ಟಿಗೆ ಯಂತ್ರಕ್ಕೆ ಹೋಯಿತು. ಆದರೆ ಒಂದು ವಿಳಾಸ ಯಾವ ಬಗೆಯದ್ದು ಎಂಬುದನ್ನು ಮಾತ್ರ ಆ ಗುರುತು ಹೇಳುತ್ತದೆ. ಹಿಂದಿನ ಕ್ಷಣದಲ್ಲಿ ಅದು ಯಾರ ಕೈಯಲ್ಲಿತ್ತು ಎಂಬುದು ಅದಕ್ಕೆ ತಿಳಿಯುವುದಿಲ್ಲ.

2.6.27ರಲ್ಲಿ ಹೊಸದಾಗಿ ಸೇರಿದ್ದ ಎಫ್‌ಟ್ರೇಸ್‌ನ ಕಥೆ ಇಲ್ಲಿ ಕೂಡಿಕೊಳ್ಳುತ್ತದೆ. ರೆಡ್ ಹ್ಯಾಟ್‌ನಲ್ಲಿದ್ದ ಸ್ಟೀವನ್ ರೋಸ್ಟೆಡ್ ಮುಂದಾಗಿ ಕಟ್ಟಿದ್ದ, ಕರ್ನಲ್ ಒಳಗೆ ಯಾವ ಫಂಕ್ಷನ್ ಯಾವಾಗ ಓಡಿತು ಎಂದು ತೋರಿಸುವ ಅತ್ಯುತ್ತಮ ಸಲಕರಣೆ ಅದು. ಪ್ರತಿ ಫಂಕ್ಷನ್‌ನ ಆರಂಭದಲ್ಲಿ ಕಂಪೈಲರ್ ಒಂದು ಕರೆ ತುರುಕುತ್ತದೆ. ಎಕ್ಸ್86 ಯಂತ್ರಗಳಲ್ಲಿ ಅದು 5 ಬೈಟ್. ಈ ಕರೆಗಳು ಸದಾ ಓಡಿದರೆ ಇಡೀ ಕರ್ನಲ್ ನಿಧಾನವಾಗುತ್ತದೆ. ಅದಕ್ಕೇ ಡೈನಮಿಕ್ ಎಫ್‌ಟ್ರೇಸ್ ಒಂದು ಉಪಾಯ ಮಾಡಿತು: ಫಂಕ್ಷನ್ ಮೊದಲ ಸಲ ಓಡಿದಾಗ ಆ ಕರೆ ಇರುವ ವಿಳಾಸವನ್ನು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುವುದು, ಸೆಕೆಂಡಿಗೊಮ್ಮೆ ಎಚ್ಚರಗೊಳ್ಳುವ ಒಂದು ಕೆಲಸಗಾರ ಪ್ರೋಗ್ರಾಮ್ ಆ ಪಟ್ಟಿ ಹಿಡಿದು ಹೋಗಿ, ಕರೆಯ ಜಾಗದಲ್ಲಿ ಏನೂ ಮಾಡದ 5 ಬೈಟ್ ಆಜ್ಞೆಯನ್ನು ಕೂರಿಸುವುದು.

ಓಡುತ್ತಿರುವ ಕರ್ನಲ್‌ನ ಕೋಡನ್ನೇ ತಿದ್ದುವ ಈ ಕೆಲಸದ ಅಪಾಯ ರೋಸ್ಟೆಡ್ ಅವರಿಗೆ ಚೆನ್ನಾಗಿ ಗೊತ್ತಿತ್ತು. ಬರೆದಿಟ್ಟ ವಿಳಾಸದಲ್ಲಿ ಈಗ ಮೆಮೊರಿಯೇ ಇಲ್ಲದಿದ್ದರೆ? ಅದಕ್ಕೆ ವ್ಯವಸ್ಥೆ ಇತ್ತು, ದೋಷವನ್ನು ಹಿಡಿದು ಸುಮ್ಮನೆ ಮುಂದೆ ಹೋಗುತ್ತಿತ್ತು. ಅಲ್ಲಿ ಬೇರೇನೋ ಬಂದು ಕೂತಿದ್ದರೆ? ಅದಕ್ಕೂ ವ್ಯವಸ್ಥೆ ಇತ್ತು. ಪ್ರೊಸೆಸರ್‌ನ 'ಕಂಪೇರ್ ಅಂಡ್ ಎಕ್ಸ್‌ಚೇಂಜ್' ಆಜ್ಞೆಯಿಂದ, ನಿರೀಕ್ಷಿಸಿದ ಬೈಟ್‌ಗಳೇ ಅಲ್ಲಿದ್ದರೆ ಮಾತ್ರ ಬದಲಿಸು, ಇಲ್ಲದಿದ್ದರೆ ಬಿಟ್ಟುಬಿಡು ಎಂದು ಕೋಡ್ ಹೇಳುತ್ತಿತ್ತು. ಎರಡೂ ಮುನ್ನೆಚ್ಚರಿಕೆ ಸರಿಯಾದವೇ. ಈ ಕೋಡ್ ಓದಿದ ಯಾವ ಜಾಣ ರಿವ್ಯೂಗಾರನೂ ತಲೆಯಾಡಿಸಿ ಒಪ್ಪುತ್ತಿದ್ದ.

ಈಗ ಡ್ರೈವರುಗಳ ಕಡೆ ನೋಡಬೇಕು. ಬೇಕಾದಾಗ ಕರ್ನಲ್‌ಗೆ ಸೇರಿಸುವ ಡ್ರೈವರಿನಂಥ ತುಣುಕಿಗೆ ಮಾಡ್ಯೂಲ್ ಎಂದು ಹೆಸರು. ಒಂದು ಮಾಡ್ಯೂಲ್ ಲೋಡ್ ಆದಾಗ ಅದರ ಆರಂಭದ ಕೋಡ್ ಒಮ್ಮೆ ಮಾತ್ರ ಓಡುತ್ತದೆ. ಆಮೇಲೆ ಅದು ಬೇಡ. ಕರ್ನಲ್ ಆ ಜಾಗವನ್ನು ಬಿಡಿಸಿಕೊಳ್ಳುತ್ತದೆ. 32 ಬಿಟ್ ಕರ್ನಲ್‌ನಲ್ಲಿ ಮಾಡ್ಯೂಲುಗಳ ಕೋಡ್‌ಗೂ ಐಒ-ರೀಮ್ಯಾಪ್‌ಗೂ ವಿಳಾಸ ಸಿಗುವುದು ಒಂದೇ ಕಣಜದಿಂದ, ಅದೂ ಮಾಮೂಲಿಯಾಗಿ 128 ಮೆಗಾಬೈಟ್‌ನ ಇಕ್ಕಟ್ಟಾದ ಕಣಜ. ಹೀಗಾಗಿ ಒಂದು ಮಾಡ್ಯೂಲಿನ ಆರಂಭದ ಕೋಡ್ ಓಡುತ್ತದೆ, ಎಫ್‌ಟ್ರೇಸ್ ಅದರ ವಿಳಾಸ ಬರೆದುಕೊಳ್ಳುತ್ತದೆ. ಕೋಡ್ ಜಾಗ ಖಾಲಿ ಮಾಡುತ್ತದೆ. ಸೆಕೆಂಡು ತುಂಬುವುದರೊಳಗೆ ಇ1000ಇ ಬಂದು ತನ್ನ ಫ್ಲ್ಯಾಶ್‌ಗೆ ವಿಳಾಸ ಕೇಳುತ್ತದೆ, ಅದೇ ವಿಳಾಸ ಸಿಗುತ್ತದೆ. ಆಗ ಎಫ್‌ಟ್ರೇಸ್‌ನ ಕೆಲಸಗಾರ ಹಳೆಯ ಪಟ್ಟಿ ಹಿಡಿದು ಬಂದು ಬಾಗಿಲು ತಟ್ಟುತ್ತಾನೆ. ಬಾಡಿಗೆದಾರರು ಬದಲಾದದ್ದು ಅವನಿಗೆ ಗೊತ್ತಿಲ್ಲ.

ತಟ್ಟಿ, ಇವರಲ್ಲ ಎಂದು ತಿಳಿದು ಹಿಂತಿರುಗಿದ್ದರೂ ಸಾಕಿತ್ತು. ಹೋಲಿಕೆ ತಪ್ಪಿದರೆ ಬರೆಯುವುದಿಲ್ಲ ಎಂದು ತಾನೇ ನಂಬಿಕೆ? ಇಂಟೆಲ್‌ನ ಕೈಪಿಡಿಯಲ್ಲಿ ಇದಕ್ಕೆ ಉತ್ತರ ಮೊದಲಿನಿಂದಲೂ ಇತ್ತು: ಈ ಆಜ್ಞೆ ಹೋಲಿಕೆಯ ಫಲಿತಾಂಶ ಏನೇ ಇರಲಿ, ಆ ವಿಳಾಸಕ್ಕೆ ಬರೆದೇ ಬರೆಯುತ್ತದೆ. ತಾಳೆಯಾದರೆ ಹೊಸದನ್ನು, ಆಗದಿದ್ದರೆ ಓದಿದ ಹಳೆಯದನ್ನೇ ಮತ್ತೆ. ಮಾಮೂಲಿ ಮೆಮೊರಿಯಲ್ಲಿ ಇದರಿಂದ ಏನೂ ಆಗದು, ಇದ್ದದ್ದೇ ಇರುತ್ತದೆ. ಸಾಧನಕ್ಕೆ ಮಾತ್ರ ಪ್ರತಿ ಬರಹವೂ ಒಂದು ಆಜ್ಞೆ. ಫ್ಲ್ಯಾಶ್ ಅದನ್ನು ಪಾಲಿಸಿತು.

2.6.27 ಅಕ್ಟೋಬರ್ 9ರಂದು ಬಿಡುಗಡೆಯಾದಾಗ ಮೂಲ ಕಾರಣ ಇನ್ನೂ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಇಂಟೆಲ್ ಎಂಜಿನಿಯರುಗಳು ಫ್ಲ್ಯಾಶ್‌ಗೇ ಬರಹ-ತಡೆ ಹಾಕಿದ್ದರು. ಆ ತಡೆ ಒಮ್ಮೆ ಬಿದ್ದರೆ ಹಾರ್ಡ್‌ವೇರ್ ರೀಸೆಟ್ ಆಗುವ ತನಕ ಡ್ರೈವರ್ ಕೂಡ ಅದನ್ನು ತೆಗೆಯಲಾರದು. ಯಾರು ಬರೆಯುತ್ತಿದ್ದಾರೆಂದು ತಿಳಿಯದಿದ್ದರೂ ಯಾರೂ ಬರೆಯದಂತೆ ಮಾಡಿದ ಈ ತೀರ್ಮಾನ ಆ ಹೊತ್ತಿಗೆ ಅತ್ಯಂತ ವಿವೇಕದ್ದು. ಅಕ್ಟೋಬರ್ ಮಧ್ಯಕ್ಕೆ ಬೆರಳು ಎಫ್‌ಟ್ರೇಸ್ ಕಡೆ ತಿರುಗಿತು. 15ರಂದು ಬಂದ 2.6.27.1ರಲ್ಲಿ ಇದ್ದದ್ದು ಒಂದೇ ಬದಲಾವಣೆ: ಡೈನಮಿಕ್ ಎಫ್‌ಟ್ರೇಸ್ ಬಂದ್.

2.6.28ರ ಹೊತ್ತಿಗೆ ರೋಸ್ಟೆಡ್ ಅದನ್ನು ಹೊಸದಾಗಿ ಕಟ್ಟಿದರು. ಸೆಕೆಂಡಿಗೊಮ್ಮೆ ಏಳುವ ಕೆಲಸಗಾರನೇ ಹೋದ. ಕರೆಗಳ ಪಟ್ಟಿ ಕಂಪೈಲ್ ಆಗುವಾಗಲೇ ಸಿದ್ಧವಾಗುತ್ತದೆ, ಕರೆಗಳನ್ನು ಬದಲಿಸುವುದು ಬೂಟ್ ಆಗುವಾಗ ಇಲ್ಲವೇ ಮಾಡ್ಯೂಲ್ ಲೋಡ್ ಆಗುವ ಕ್ಷಣದಲ್ಲೇ. ಮೊದಲು ಓದು, ಹೋಲಿಸು, ಸರಿಯಿದ್ದರೆ ಮಾತ್ರ ಬರೆ ಎಂಬ ಮೂರು ಹೆಜ್ಜೆ ಬೇರೆ ಬೇರೆಯಾದವು. ಹೋಲಿಕೆ ತಪ್ಪಿದರೆ ಎಫ್‌ಟ್ರೇಸ್ ಎಚ್ಚರಿಕೆ ಬರೆದು ತನ್ನನ್ನೇ ನಿಲ್ಲಿಸಿಕೊಳ್ಳುತ್ತದೆ. ಇಂದು ಎಫ್‌ಟ್ರೇಸ್ ಇಲ್ಲದೆ ಕರ್ನಲ್ ಕೆಲಸ ಊಹಿಸಿಕೊಳ್ಳುವುದೇ ಕಷ್ಟ. ಅದರ ಈ ಬಿಗಿಯಾದ ಶಿಸ್ತು ಎಲ್ಲಿಂದ ಬಂತೆಂದು ಕೋಡ್ ಓದುವ ಹೊಸಬರಿಗೆ ಯಾರೂ ಹೇಳುವುದಿಲ್ಲ. ಇ1000ಇ ಡ್ರೈವರಿನಲ್ಲಿ ಬರಹ-ತಡೆಯ ಸಾಲುಗಳು ಇವೆ, ಅವು ಯಾವ ಗಾಯದ ಮೇಲಿನ ಪಟ್ಟಿ ಎಂಬ ವಿವರ ಪಕ್ಕದಲ್ಲಿಲ್ಲ. ಲಯನ್ಸ್ ಅಂಥವರೊಬ್ಬರು ಈ ಕಾಲದ ಕರ್ನಲ್‌ಗೂ ಇರಬೇಕಿತ್ತು ಎಂದು ಬೇಸರವಾಗುವುದು ಆಗ.

ಬೇಸರಕ್ಕೆ ಕಾರಣ ಇದೆ. ಸಾಧನದ ಮೆಮೊರಿಯ ಹೆಸರಿನಲ್ಲಿ ಕೆಲವೇ ವರ್ಷಗಳಲ್ಲಿ ಬೇರೆ ಬಾಗಿಲು ತೆರೆದುಕೊಂಡಿತು. ಈ ಸಲ ಪೆಟ್ಟು ಫೋನುಗಳಿಗೆ. ಕೆಲವು ಡ್ರೈವರುಗಳು ಸಾಧನದ ಮೆಮೊರಿಯನ್ನು ಸಾಮಾನ್ಯ ಪ್ರೋಗ್ರಾಮ್‌ಗಳಿಗೂ ಎಂಮ್ಯಾಪ್ ಎಂಬ ಕರೆಯ ಮೂಲಕ ತೋರಿಸುತ್ತವೆ. ಎಷ್ಟು ತೋರಿಸಬೇಕು ಎಂಬ ಲೆಕ್ಕ ಆಯಾ ಡ್ರೈವರಿನ ಹೊಣೆ. 2012ರ ಡಿಸೆಂಬರಿನಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್3ರಂಥ ಫೋನುಗಳಲ್ಲಿ ಎಕ್ಸಿನೋಸ್-ಮೆಮ್ ಎಂಬ ಕಡತ ಯಾವ ಆ್ಯಪ್‌ಗಾದರೂ ಭೌತಿಕ ಮೆಮೊರಿಯನ್ನು ಓದಲು, ಬರೆಯಲು ಬಿಡುತ್ತಿದ್ದದ್ದು ಬಯಲಾಯಿತು.

2013ರಲ್ಲಿ ಸಿಕ್ಕಿದ್ದು ಇನ್ನೂ ಸೂಕ್ಷ್ಮ. ಪರದೆಯ ಮೆಮೊರಿ ತೋರಿಸುವ ಕರ್ನಲ್‌ನ ಮೂಲ ಕೋಡಿನಲ್ಲೇ, ಕೇಳಿದ ಆರಂಭಕ್ಕೆ ಕೇಳಿದ ಉದ್ದ ಕೂಡಿ ಮಿತಿಯೊಳಗಿದೆಯೇ ಎಂದು ನೋಡುವ ಸಾಲು ಇತ್ತು. ನೋಡಲು ಸರಿಯಾಗಿಯೇ ಇದೆ. 32 ಬಿಟ್‌ನಲ್ಲಿ 4,29,49,63,200ಕ್ಕೆ 8,192 ಕೂಡಿ ನೋಡಿ. ಅಂಕಿ ತುಂಬಿ ಹರಿದು ಉಳಿಯುವುದು 4,096. ಅದು ಮಿತಿಯೊಳಗೇ ಇದೆ, ಹಾಗಾಗಿ ಕೋಡ್ ಒಪ್ಪಿಬಿಡುತ್ತದೆ, ಕೇಳಿದವನಿಗೆ ಕರ್ನಲ್ಲಿನ ಮೆಮೊರಿಯೇ ತೆರೆದುಕೊಳ್ಳುತ್ತದೆ. ಮೊಟೊರೊಲಾ ಫೋನುಗಳನ್ನು ರೂಟ್ ಮಾಡುವ, ಅಂದರೆ ಅವುಗಳ ಪೂರ್ಣ ಹಿಡಿತ ಕೊಡಿಸುವ ಮೊಟೊಚಾಪರ್ ಎಂಬ ತಂತ್ರಾಂಶ ಇದನ್ನೇ ಬಳಸಿತ್ತು.

ಆ ಏಪ್ರಿಲ್‌ನಲ್ಲಿ ಟೊರ್ವಾಲ್ಡ್ಸ್ ವಿಎಂ-ಐಒಮ್ಯಾಪ್-ಮೆಮೊರಿ ಎಂಬ ಪುಟ್ಟ ಫಂಕ್ಷನ್ ಬರೆದರು. ಡ್ರೈವರ್ ತನ್ನ ಮೆಮೊರಿ ಎಲ್ಲಿ ಶುರು, ಎಷ್ಟು ಉದ್ದ ಎಂದಷ್ಟೇ ಹೇಳಿದರೆ ಸಾಕು. ಲೆಕ್ಕವನ್ನೆಲ್ಲ ಕರ್ನಲ್ ಒಂದೇ ಕಡೆ ಮಾಡುತ್ತದೆ. ಅಲ್ಲಿ ಲೆಕ್ಕ ಬೈಟ್‌ಗಳಲ್ಲಿಲ್ಲ, ಪುಟಗಳೆಂಬ ಮೆಮೊರಿಯ ತುಂಡುಗಳಲ್ಲಿದೆ. ಆರಂಭ ಮಿತಿ ಮೀರಿದೆಯೇ ಎಂದು ಮೊದಲು ನೋಡಿ, ಮೀರದಿದ್ದರೆ ಒಟ್ಟು ಪುಟಗಳಿಂದ ಅದನ್ನು ಕಳೆದು, ಉಳಿದದ್ದಕ್ಕೆ ಉದ್ದವನ್ನು ಹೋಲಿಸುತ್ತದೆ. ಕೂಡುವ ಬದಲು ಕಳೆಯುವುದರಿಂದ ಅಂಕಿ ತುಂಬಿ ಹರಿಯುವ ಪ್ರಶ್ನೆಯೇ ಬಾರದು. ಆದರೂ ಹಳೆಯ ರೀತಿಯಲ್ಲಿ ತಾವೇ ಲೆಕ್ಕ ಮಾಡುವ ಡ್ರೈವರುಗಳು ಮುಗಿದಿರಲಿಲ್ಲ. ಇಂಥ ಎಂಮ್ಯಾಪ್ ದೋಷಗಳನ್ನು ಹುಡುಕಿ ಬಳಸುವುದು ಹೇಗೆಂದು ಎಂಡಬ್ಲ್ಯುಆರ್ ಲ್ಯಾಬ್ಸ್ ಎಂಬ ಭದ್ರತಾ ಸಂಶೋಧನಾ ಸಂಸ್ಥೆ 2017ರಲ್ಲಿ ಒಂದು ಇಡೀ ಪ್ರಬಂಧವನ್ನೇ ಪ್ರಕಟಿಸಿತು. ಅದರಲ್ಲಿ ಮತ್ತೆ ಮತ್ತೆ ಎದುರಾಗುವ ತಪ್ಪುಗಳೆಂದರೆ ಮಿತಿಯನ್ನು ನೋಡದೇ ಬಿಡುವುದು, ನೋಡಿದರೂ ಕೂಡಿ ನೋಡುವುದು.