ರೋಗಿಯ ಮಾತಿಗೊಂದು ಕಿವಿ

ಆಸ್ಪತ್ರೆಗೆ ಹೋಗುವಾಗ ನಾವು ಹಣ್ಣುಹಂಪಲುಗಳೊಡನೆ ಒಂದಿಷ್ಟು ಉಪದೇಶವನ್ನೂ ಕೊಂಡೊಯ್ಯುತ್ತೇವೆ. “ಎಲ್ಲವೂ ದೈವೇಚ್ಛೆ, ಧೈರ್ಯವಾಗಿರಿ” ಎಂದು ಎರಡು ಮಾತು ಹೇಳಿ, ಗಡಿಯಾರವನ್ನು ನೋಡಿ ಎದ್ದು ಬರುತ್ತೇವೆ. ರೋಗಿಯು ಹೇಳಬೇಕೆಂದಿದ್ದ ಮಾತು ಅವನ ಗಂಟಲಿನಲ್ಲಿಯೇ ಉಳಿದುಹೋಗುತ್ತದೆ.

ಆ ಮಾತನ್ನು ಕೇಳುವುದೂ ಶುಶ್ರೂಷೆಯ ಒಂದು ಅಂಗವೆಂದು ಕಲಿಸಿದವರಲ್ಲಿ ಅಮೆರಿಕದ ಆಂಟನ್ ಬಾಯ್ಸನ್ ಪ್ರಮುಖನು. ಆತನು ಕ್ರೈಸ್ತ ಪಾದ್ರಿ. 1920ರಲ್ಲಿ ಚಿತ್ತಭ್ರಮಣೆಗೆ ಒಳಗಾಗಿ ಮಾನಸಿಕ ಆಸ್ಪತ್ರೆಯನ್ನು ಸೇರಿದ ಆತನು ವರ್ಷಕ್ಕೂ ಮಿಕ್ಕಿ ಅಲ್ಲಿ ಕಳೆಯಬೇಕಾಯಿತು. ತನ್ನ ತಲ್ಲಣಕ್ಕೆ ಏನೋ ಅರ್ಥವಿದೆಯೆಂದು ಆತನಿಗೆ ತೋರುತ್ತಿತ್ತು; ಆದರೆ ಅದನ್ನು ಕುಳಿತು ಕೇಳುವ ವ್ಯವಧಾನ ವೈದ್ಯರಿಗಿರಲಿಲ್ಲ.

1924ರಲ್ಲಿ ಆತನು ಮ್ಯಾಸಚೂಸೆಟ್ಸಿನ ವೂಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳ ಪಾದ್ರಿಯಾಗಿ ನಿಂತನು. ಇಂಥವರನ್ನು ಅಲ್ಲಿ ‘ಚಾಪ್ಲೆನ್’ ಎನ್ನುತ್ತಾರೆ. ಮರುವರ್ಷ ಧರ್ಮಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆಸಿ, ಹಗಲೆಲ್ಲ ವಾರ್ಡುಗಳಲ್ಲಿ ಪರಿಚಾರಕರಾಗಿ ದುಡಿಯಲು ಹಚ್ಚಿದನು. ಗ್ರಂಥವನ್ನು ಓದುವ ಶ್ರದ್ಧೆಯಿಂದಲೇ ರೋಗಿಯನ್ನೂ ಅರಿಯಬೇಕೆಂಬುದು ಆತನ ಬೋಧೆ. ಕಾಯಿಲೆ ಮುಂದೆಯೂ ಮರುಕಳಿಸಿತು; ಆತನು ಕೆಲಸವನ್ನು ಬಿಡಲಿಲ್ಲ. ಪಾದ್ರಿಗಳಿಗೆ ಆಸ್ಪತ್ರೆಯಲ್ಲಿಯೇ ತರಬೇತಿ ಕೊಡುವ ಕ್ರಮ ಅಲ್ಲಿಂದ ಹಲವು ದೇಶಗಳಿಗೆ ಹಬ್ಬಿತು.

1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಶುಶ್ರೂಷಾಲಯವನ್ನು ತೆರೆದ ಸಿಸಿಲಿ ಸಾಂಡರ್ಸ್ ಈ ವಿಚಾರವನ್ನು ಮರಣಶಯ್ಯೆಯವರೆಗೂ ಕೊಂಡೊಯ್ದರು. ಮೊದಲು ದಾದಿಯಾಗಿದ್ದು, ಬಳಿಕ ವೈದ್ಯಶಾಸ್ತ್ರವನ್ನು ಓದಿದವರು ಅವರು. ಸಾಯುವವನ ನೋವಿನಲ್ಲಿ ದೇಹ, ಮನಸ್ಸು, ಸಂಸಾರ, ಆತ್ಮ ಎಂಬ ನಾಲ್ಕರ ಪಾಲೂ ಉಂಟೆಂದು ಅವರು ಕಂಡರು. ಮಾರ್ಫೀನು ದೇಹದ ನೋವನ್ನು ತಗ್ಗಿಸೀತು. “ನನಗೇ ಏಕೆ ಹೀಗಾಯಿತು?” ಎಂಬ ಪ್ರಶ್ನೆಗೆ ಅದರಲ್ಲಿ ಮದ್ದಿಲ್ಲ.

ನಮ್ಮ ಬೆಂಗಳೂರಿನಲ್ಲಿಯೂ ‘ಕರುಣಾಶ್ರಯ’ವು 1999ರಿಂದ, ಗುಣವಾಗುವ ಹಂತವನ್ನು ಮೀರಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ಆರೈಕೆ ಮಾಡುತ್ತಿದೆ. ಆದರೆ ಎಲ್ಲ ಆಸ್ಪತ್ರೆಗಳಲ್ಲಿಯೂ ಇಂಥ ಏರ್ಪಾಡು ಇಲ್ಲ. ಅಲ್ಲೆಲ್ಲ ಈ ಹೊಣೆ ಬೀಳುವುದು ಬಂಧುಗಳಾದ ನಮ್ಮ ಮೇಲೆಯೇ.

ಅದಕ್ಕೆ ಪಾಂಡಿತ್ಯವೇನೂ ಬೇಕಿಲ್ಲ. ಮಂಚದ ಪಕ್ಕದ ಸ್ಟೂಲನ್ನು ಹತ್ತಿರಕ್ಕೆಳೆದು ಕುಳಿತು, “ರಾತ್ರಿ ನಿದ್ದೆ ಬಾರದಾಗ ಏನು ಯೋಚಿಸುತ್ತೀರಿ?” ಎಂದು ಕೇಳಬಹುದು. ಮದುವೆಯಾಗದ ಮಗಳ ಚಿಂತೆಯಿರಬಹುದು, ಅಣ್ಣನೊಡನೆ ಮಾತುಬಿಟ್ಟ ಪಶ್ಚಾತ್ತಾಪವಿರಬಹುದು, ಸಾವಿನ ಭಯವಿರಬಹುದು. ಕರ್ಮಸಿದ್ಧಾಂತವನ್ನು ವಿವರಿಸಹೋಗಬೇಡಿ. ಅವರು ಬಯಸಿದರೆ ಅವರ ದೇವರ ನಾಮವನ್ನು ಜೊತೆಗೂಡಿ ಹೇಳಿ. ಬಯಸದಿದ್ದರೆ ಕೈಹಿಡಿದು ಸುಮ್ಮನೆ ಕುಳಿತಿರಿ. ಹಣ್ಣಿನ ಚೀಲವನ್ನು ಆಮೇಲೆ ಬಿಚ್ಚಬಹುದು.