ಹಳೆಯ ಕಾರಿನ ಸನ್‌ರೂಫ್ ಸೋರಿಕೆ: ಕಾರಣ, ಪರೀಕ್ಷೆ ಮತ್ತು ಪರಿಹಾರ

ಮುಂಬಯಿಯ ಮಳೆಗಾಲ ಸಾಮಾನ್ಯವಾಗಿ ಜೂನ್ ತಿಂಗಳ ಎರಡನೆಯ ವಾರದಲ್ಲಿ ಆರಂಭವಾಗಿ ಸೆಪ್ಟೆಂಬರ್ ಕೊನೆಯವರೆಗೂ ಮುಂದುವರಿಯುತ್ತದೆ. ಸಾಂತಾಕ್ರೂಜ್‌ನಲ್ಲಿ ಜುಲೈ ಒಂದೇ ತಿಂಗಳ ಸರಾಸರಿ ಮಳೆ 800 ಮಿಲಿಮೀಟರನ್ನು ಮೀರುತ್ತದೆ. ಮುಚ್ಚಿದ ಗ್ಯಾರೇಜಿನ ಅನುಕೂಲ ಈ ನಗರದಲ್ಲಿ ಕೆಲವರಿಗೆ ಮಾತ್ರ ಉಂಟು. ಉಳಿದವರ ಕಾರುಗಳು ಸೊಸೈಟಿಯ ಅಂಗಳದಲ್ಲಿಯೋ ರಸ್ತೆಬದಿಯ ಮರದಡಿಯಲ್ಲಿಯೋ ಹಗಲಿರುಳೂ ನೆನೆಯುತ್ತವೆ. ಅಂತಹ ಕಾರಿಗೆ ಹತ್ತು ವರ್ಷ ತುಂಬಿದ್ದು, ಅದರ ಛಾವಣಿಯಲ್ಲಿ ಸನ್‌ರೂಫ್ ಎಂಬ ತೆರೆಯುವ ಗಾಜಿನ ಕಿಂಡಿ ಇದ್ದರೆ, ಒಂದು ಬೆಳಿಗ್ಗೆ ಕಾಲಡಿಯ ಕಾರ್ಪೆಟ್ ಒದ್ದೆಯಾಗಿ ಕಂಡುಬರುವ ಸಂಭವವುಂಟು.

ಆಗ ಮಾಲಿಕನ ದೃಷ್ಟಿ ಮೊದಲು ಗಾಜಿನ ಸುತ್ತಲಿನ ರಬ್ಬರ್ ಪಟ್ಟಿಯ ಮೇಲೆ ಬೀಳುವುದು ಸಹಜ. ಸಿಲಿಕೋನ್ ಅಂಟನ್ನು ಬಳಿಸಿ ಕಿಂಡಿಯನ್ನೇ ಶಾಶ್ವತವಾಗಿ ಮುಚ್ಚಿಸಿಬಿಡುವವರೂ ಇದ್ದಾರೆ. ಆದರೆ ಅನೇಕ ಸಂದರ್ಭಗಳಲ್ಲಿ ದೋಷವಿರುವುದು ರಬ್ಬರಿನಲ್ಲಲ್ಲ. ಹೊರಗಣ್ಣಿಗೆ ಕಾಣದ ಕೊಳವೆಗಳಲ್ಲಿ.

ರಚನೆಯ ರಹಸ್ಯ

ನಮ್ಮ ನಾಡಿನ ತೊಟ್ಟಿಮನೆಯನ್ನು ನೆನಪಿಸಿಕೊಂಡರೆ ಈ ವಿಷಯ ಸುಲಭವಾಗಿ ಅರ್ಥವಾಗುತ್ತದೆ. ತೊಟ್ಟಿಯೊಳಗೆ ಮಳೆನೀರು ಬೀಳುವುದು ದೋಷವಲ್ಲ. ಮನೆಯನ್ನು ಕಟ್ಟಿರುವುದೇ ಹಾಗೆ. ಬಿದ್ದ ನೀರು ಹೊರಹೋಗುವ ಕಿಂಡಿ ಕಟ್ಟಿಕೊಂಡಾಗ ಮಾತ್ರ ನೀರು ಜಗಲಿಗೇರುತ್ತದೆ. ಸನ್‌ರೂಫಿನ ಏರ್ಪಾಡೂ ಇದೇ ಬಗೆಯದು. ರಬ್ಬರ್ ಪಟ್ಟಿ ನೀರಿನ ಬಹುಭಾಗವನ್ನು ತಡೆಯುತ್ತದೆಯೇ ಹೊರತು ಸಂಪೂರ್ಣವಾಗಿ ಅಲ್ಲ. ಅದನ್ನು ದಾಟಿ ಬಂದ ನೀರು ಗಾಜಿನ ಕೆಳಗೆ ಸುತ್ತಲೂ ಇರುವ ಕಾಲುವೆಯಲ್ಲಿ ಸಂಗ್ರಹವಾಗಿ, ಸಾಮಾನ್ಯವಾಗಿ ನಾಲ್ಕು ಮೂಲೆಗಳಲ್ಲಿರುವ ರಂಧ್ರಗಳಿಂದ ಸಣ್ಣ ಕೊಳವೆಗಳಿಗೆ ಇಳಿಯುತ್ತದೆ. ಮುಂದಿನ ಎರಡು ಕೊಳವೆಗಳು ಮುಂಗಾಜಿನ ಇಕ್ಕೆಲದ ಕಂಬಗಳೊಳಗೆ ಇಳಿದು, ಬಾಗಿಲಿನ ಕೀಲಿನ ಬಳಿ ಅಥವಾ ಮುಂಚಕ್ರದ ಮೇಲ್ಭಾಗದಲ್ಲಿ ಹೊರಬೀಳುತ್ತವೆ. ಹಿಂದಿನವು ಹಿಂಬದಿಯ ಕಂಬಗಳೊಳಗಿನಿಂದ ಹಿಂಚಕ್ರ ಅಥವಾ ಬಂಪರಿನ ಹತ್ತಿರ ಕೊನೆಗೊಳ್ಳುತ್ತವೆ.

ಮರದಿಂದ ಉದುರುವ ಹೂವಿನ ಎಸಳು, ಗುಲ್‌ಮೊಹರ್ ಮರದ ಸಣ್ಣ ಎಲೆಗಳು ಮತ್ತು ನಗರದ ಧೂಳು ಈ ಕಾಲುವೆಯಲ್ಲಿ ಸೇರಿ, ನೆನೆದು, ಕೆಸರಾಗಿ ಕೊಳವೆಯನ್ನು ಕಟ್ಟಿಸುತ್ತವೆ. ಆಗ ಕಾಲುವೆ ತುಂಬಿ, ನೀರು ಛಾವಣಿಯ ಒಳಹೊದಿಕೆಯ ಮೇಲೆ ಹರಿಯುತ್ತದೆ. ಹಳೆಯ ಕಾರುಗಳಲ್ಲಿ ಕೊಳವೆ ಗಡುಸಾಗಿ ಬಿರಿಯುವುದೂ, ಜೋಡಣೆಯಿಂದ ಕಳಚಿಕೊಳ್ಳುವುದೂ ಉಂಟು.

ಸೋರಿಕೆಯ ಮೂಲ ಯಾವುದು?

ಒಳದೀಪದ ಬಳಿ ಹನಿ, ಛಾವಣಿಯ ಬಟ್ಟೆಯಲ್ಲಿ ಕಂದು ಕಲೆ, ಬ್ರೇಕ್ ಹಾಕಿದಾಗ ತಲೆಯ ಮೇಲೆ ನೀರು ತುಳುಕುವ ಸದ್ದು, ಬೆಳಗಿನ ಹೊತ್ತು ಗಾಜಿನ ಒಳಮೈಯಲ್ಲಿ ಮಂಜು, ಮುಗ್ಗಲು ವಾಸನೆ - ಇವು ಮುಖ್ಯ ಲಕ್ಷಣಗಳು. ಆದರೆ ಒದ್ದೆ ಕಾರ್ಪೆಟ್ಟಿಗೆಲ್ಲ ಸನ್‌ರೂಫೇ ಕಾರಣವೆಂದು ನಿರ್ಣಯಿಸಬಾರದು. ಮಳೆಯಿಲ್ಲದ ದಿನವೂ ಏರ್‌ಕಂಡೀಷನರ್ ಓಡಿದ ಮೇಲೆ ಮುಂಭಾಗ ಒದ್ದೆಯಾದರೆ, ಏರ್‌ಕಂಡೀಷನರಿನ ನೀರು ಹೊರಹೋಗುವ ಕೊಳವೆ ಕಟ್ಟಿರಬಹುದು. ನೀರು ಅಂಟಂಟಾಗಿದ್ದು ಸಿಹಿ ವಾಸನೆಯಿದ್ದರೆ ಅದು ರೇಡಿಯೇಟರಿನ ಕೂಲೆಂಟ್ ಆಗಿರಬಹುದು. ಮುಂಗಾಜಿನ ಅಂಚು, ವೈಪರಿನ ಕೆಳಗಿನ ಜಾಲರಿ, ಬಾಗಿಲಿನ ಒಳಪದರ ಇವೂ ಸೋರಿಕೆಯ ಮೂಲಗಳಾಗಬಲ್ಲವು.

ನಿರ್ಣಯಕ್ಕೆ ಸುಲಭವಾದ ಪರೀಕ್ಷೆಯೊಂದಿದೆ. ಕಾರನ್ನು ಸಮತಟ್ಟಾದ ಸ್ಥಳದಲ್ಲಿ ನಿಲ್ಲಿಸಿ, ಗಾಜನ್ನು ತೆರೆದು, ಕಾಲುವೆಯನ್ನು ಒದ್ದೆಬಟ್ಟೆಯಿಂದ ಒರೆಸಬೇಕು. ಬಳಿಕ ಕೈಗೆಟಕುವ ಮುಂದಿನ ಮೂಲೆಗಳಲ್ಲಿ ಒಂದೊಂದು ಲೋಟ ನೀರನ್ನು ಮೆಲ್ಲಗೆ ಸುರಿಯಬೇಕು. ಮತ್ತೊಬ್ಬರು ಹೊರಗೆ, ಆ ಮೂಲೆಗೆ ಸಂಬಂಧಿಸಿದ ಚಕ್ರದ ಬಳಿ ನೋಡುತ್ತಿರಬೇಕು. ಇದರಲ್ಲಿ ಮೂರು ಫಲಗಳು ಸಾಧ್ಯ:

1. ನೀರು ತಡವಿಲ್ಲದೆ ಇಳಿದು ಹೊರಗೆ ಬಿದ್ದರೆ ಆ ಕೊಳವೆ ಸರಿಯಾಗಿದೆ.
2. ನೀರು ನಿಂತರೆ ಅಥವಾ ತೀರ ನಿಧಾನವಾಗಿ ಇಳಿದರೆ ಕೊಳವೆ ಕಟ್ಟಿದೆ.
3. ನೀರು ಇಳಿದರೂ ಹೊರಗೆ ಬಾರದಿದ್ದರೆ ಕೊಳವೆ ಒಳಗೆಲ್ಲೋ ಬಿರಿದಿದೆ ಅಥವಾ ಕಳಚಿದೆ.

ಹಿಂದಿನ ರಂಧ್ರಗಳು ಅನೇಕ ಕಾರುಗಳಲ್ಲಿ ಕಾಣಸಿಗುವುದಿಲ್ಲ. ಮೂತಿ ಮೇಲಾಗಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿದಾಗ ಡಿಕ್ಕಿ ಅಥವಾ ಹಿಂಭಾಗ ಒದ್ದೆಯಾದರೆ ಅವುಗಳನ್ನು ಶಂಕಿಸಬೇಕು.

ಪರಿಹಾರೋಪಾಯ

ಕಟ್ಟಿದ ಕೊಳವೆಯೊಳಗೆ ತುದಿಯನ್ನು ದುಂಡಗೆ ಮಾಡಿದ ದಪ್ಪ ನೈಲಾನ್ ದಾರವನ್ನು ಒತ್ತಾಯವಿಲ್ಲದೆ ಮುಂದೆಹಿಂದೆ ಆಡಿಸಿ, ಅನಂತರ ಸ್ವಲ್ಪ ಉಗುರುಬೆಚ್ಚನೆಯ ನೀರನ್ನು ಬಿಡಬೇಕು. ಉಕ್ಕಿನ ತಂತಿ ಕೊಳವೆಯನ್ನು ತೂತು ಮಾಡುತ್ತದೆ. ಟೈರ್ ಅಂಗಡಿಯ ಕಂಪ್ರೆಸರಿನ ಗಾಳಿ ಕೊಳವೆಯನ್ನು ಜೋಡಣೆಯಿಂದಲೇ ಕಳಚಬಲ್ಲದು. ಆಗ ಸಣ್ಣ ಕೆಲಸ ದೊಡ್ಡದಾಗುತ್ತದೆ. ಕೆಲವು ಕಾರುಗಳಲ್ಲಿ ಕೊಳವೆಯ ಹೊರತುದಿಗೆ ಸೀಳಿರುವ ರಬ್ಬರ್ ಮೂತಿಯಿರುತ್ತದೆ. ಕೆಸರು ಅಲ್ಲಿಯೇ ನಿಲ್ಲುವುದು ಹೆಚ್ಚಾದುದರಿಂದ ಅದನ್ನು ಮೊದಲು ಹಿಸುಕಿ ಶುಚಿಗೊಳಿಸುವುದು ಲೇಸು.

ರಬ್ಬರ್ ಪಟ್ಟಿಯ ಪರೀಕ್ಷೆಗೆ ಒಂದು ಕಾಗದದ ಚೀಟಿ ಸಾಕು. ಅದನ್ನು ಅಂಚಿನಲ್ಲಿಟ್ಟು ಗಾಜನ್ನು ಮುಚ್ಚಿ ಎಳೆದಾಗ ಸ್ವಲ್ಪ ಬಿಗಿ ತೋರಬೇಕು. ಒಂದೆಡೆ ಸಲೀಸಾಗಿ ಜಾರಿಬಂದರೆ ಅಲ್ಲಿ ಪಟ್ಟಿ ಸವೆದಿದೆ, ಇಲ್ಲವೇ ಗಾಜಿನ ಮಟ್ಟ ತಪ್ಪಿದೆ. ಪಟ್ಟಿಯನ್ನು ಸೌಮ್ಯವಾದ ಸಾಬೂನಿನಿಂದ ತೊಳೆದು, ರಬ್ಬರಿಗೆಂದೇ ಇರುವ ಸಿಲಿಕೋನ್ ದ್ರವವನ್ನು ತೆಳುವಾಗಿ ಸವರಬಹುದು, ಗ್ರೀಸ್ ಸಲ್ಲದು. ಬಿರಿದ ಕೊಳವೆಯನ್ನು ಬದಲಿಸಲು ಕಂಬದ ಹೊದಿಕೆಯನ್ನು ಬಿಚ್ಚಬೇಕಾಗುತ್ತದೆ. ಅಲ್ಲಿ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಈ ಕಾರ್ಯವನ್ನು ನುರಿತ ಮೆಕ್ಯಾನಿಕ್‌ಗೇ ಒಪ್ಪಿಸತಕ್ಕದ್ದು.

ಆರೋಗ್ಯದ ಪ್ರಶ್ನೆ

ಸೋರಿಕೆ ನಿಂತಿತೆಂದು ಕೆಲಸ ಮುಗಿಯುವುದಿಲ್ಲ. ಕಾರ್ಪೆಟ್ಟಿನ ಮೇಲ್ಮೈ ಒಣಗಿದಂತಿದ್ದರೂ ಅದರಡಿಯ ದಪ್ಪ ಸ್ಪಂಜು ನೀರನ್ನು ಬಹುದಿನ ಹಿಡಿದಿಡುತ್ತದೆ. ತೇವವನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸದಿದ್ದರೆ ಬೂಷ್ಟು ಬೆಳೆಯಲಾರಂಭಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿ, ಒಳಾಂಗಣದ ತೇವ ಮತ್ತು ಬೂಷ್ಟಿಗೂ ಉಬ್ಬಸ ಮೊದಲಾದ ಶ್ವಾಸಸಂಬಂಧಿ ತೊಂದರೆಗಳಿಗೂ ಸಂಬಂಧವಿರುವುದನ್ನು ತಿಳಿಸುತ್ತದೆ. ಅದು ಕಟ್ಟಡಗಳನ್ನು ಕುರಿತದ್ದು. ಆದರೂ ಗಾಜುಗಳನ್ನೇರಿಸಿ, ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಉಸಿರಾಡುತ್ತ ಗಂಟೆಗಟ್ಟಲೆ ವಾಹನಗಳ ಸಾಲಿನಲ್ಲಿ ನಿಲ್ಲುವವರು ಈ ಎಚ್ಚರಿಕೆಯನ್ನು ಕಡೆಗಣಿಸಲಾಗದು. ಹಿಂದಿನ ಆಸನದಲ್ಲಿ ಉಬ್ಬಸವಿರುವ ಮಗುವೋ ವೃದ್ಧರೋ ಇದ್ದರೆ ಮತ್ತಷ್ಟು ಜಾಗ್ರತೆ ಅಗತ್ಯ.

ಆದುದರಿಂದ ಕಾರ್ಪೆಟ್ಟನ್ನು ಎತ್ತಿಸಿ, ಬಟ್ಟೆಯಿಂದ ನೀರನ್ನು ಹಿಂಡಿ ತೆಗೆದು, ಟೇಬಲ್ ಫ್ಯಾನಿನ ಗಾಳಿಯಲ್ಲಿ ಒಣಗಿಸಬೇಕು. ಬಿಸಿಲಿಲ್ಲದ ದಿನಗಳಲ್ಲಿ ಕಾರಿನ ಏರ್‌ಕಂಡೀಷನರ್ ಕೂಡ ತೇವವನ್ನು ತೆಗೆಯುತ್ತದೆ. ಆದರೆ ಎಂಜಿನನ್ನು ತೆರೆದ ಸ್ಥಳದಲ್ಲಿ ಮಾತ್ರ ಓಡಿಸಬೇಕು. ಬೂಷ್ಟನ್ನು ಶುಚಿಗೊಳಿಸುವಾಗ ಮಾಸ್ಕ್ ಮತ್ತು ಕೈಗವಸು ಧರಿಸಬೇಕು. ತೀರ ಹಾಳಾದ ಸ್ಪಂಜನ್ನು ಬದಲಿಸುವುದೇ ಯೋಗ್ಯ. ಸುಗಂಧದ ಡಬ್ಬಿ ವಾಸನೆಯನ್ನು ಮರೆಮಾಚುತ್ತದೆಯೇ ಹೊರತು ಬೂಷ್ಟನ್ನು ನಿವಾರಿಸುವುದಿಲ್ಲ.

ಲಾಭನಷ್ಟದ ವಿಚಾರ

ಆಸನದ ಕೆಳಗೆ ಹಾದುಹೋಗುವ ವಿದ್ಯುತ್ ಜೋಡಣೆಗಳು ತುಕ್ಕು ಹಿಡಿದರೆ ದುರಸ್ತಿಯ ಖರ್ಚು ಬೇಗನೆ ಏರುತ್ತದೆ. ಸವೆತ ಹಾಗೂ ವಿದ್ಯುತ್ ಸಂಬಂಧವಾದ ಕೆಡುಕುಗಳನ್ನು ಮೋಟಾರು ವಿಮೆಯ ಸಾಮಾನ್ಯ ಪಾಲಿಸಿ ಭರಿಸುವುದಿಲ್ಲ; ಮೆಲ್ಲಮೆಲ್ಲನೆ ಸೋರಿ ಆದ ನಷ್ಟ ಬಹುಮಟ್ಟಿಗೆ ಮಾಲಿಕನ ಪಾಲಿನದೇ. ಹಳೆಯ ಕಾರನ್ನು ಕೊಳ್ಳುವವರು ಹಣ ಕೊಡುವ ಮುನ್ನ ಕಾರ್ಪೆಟ್ಟಿನ ಅಂಚನ್ನೆತ್ತಿ ಕೈಯಿಟ್ಟು ನೋಡುವುದೂ, ಒಂದು ಲೋಟ ನೀರಿನ ಪರೀಕ್ಷೆ ಮಾಡುವುದೂ ಉಚಿತ.

ಮೇ ತಿಂಗಳಲ್ಲಿ ಒಮ್ಮೆ, ಮಳೆಗಾಲದ ನಡುವೆ ಒಮ್ಮೆ, ಎಲೆ ಉದುರುವ ಕಾಲದ ಕೊನೆಗೆ ಮತ್ತೊಮ್ಮೆ ಕಾಲುವೆಯನ್ನು ಒರೆಸಿ ಕೊಳವೆಗಳನ್ನು ಪರೀಕ್ಷಿಸಿದರೆ, ಹಳೆಯ ಕಾರೂ ಇನ್ನೂ ಹಲವು ಮಳೆಗಾಲಗಳನ್ನು ನಿಶ್ಚಿಂತೆಯಿಂದ ಕಳೆಯಬಲ್ಲದು. ಇದಕ್ಕೆ ಬೇಕಾದುದು ಒಂದು ಬಟ್ಟೆ, ಒಂದು ಲೋಟ ನೀರು ಮತ್ತು ಅರ್ಧ ಗಂಟೆಯ ಬಿಡುವು ಮಾತ್ರ.